ವೆಬ್‌ಸೈಟ್ ಚಿತ್ರಕ್ಕೆ ಯಾವ ಸಾಫ್ಟ್‌ವೇರ್? ಮೊದಲು ‘ಚಿತ್ರದುರ್ಗ’ ಎಂದು ಬರೆದು ನೋಡಿ

ದಾವಣಗೆರೆಯಲ್ಲಿ ಹೋಟೆಲ್ಲಿಗೋ ಬಟ್ಟೆ ಅಂಗಡಿಗೋ ವೆಬ್‌ಸೈಟ್ ಮಾಡಲು ಹೊರಟವರು ಮೊದಲು ಹುಡುಕುವುದು ಫ್ಲೆಕ್ಸ್ ಅಂಗಡಿಯವರು ಮಾಡಿಕೊಟ್ಟ ಫೈಲನ್ನು. ಬೋರ್ಡಿಗೆ ಮಾಡಿಸಿದ ಡಿಸೈನ್ ಇದೆಯಲ್ಲ, ಅದನ್ನೇ ಹಾಕಿದರಾಯಿತು ಎಂಬ ಲೆಕ್ಕ. ಆ ಲೆಕ್ಕ ಅಲ್ಲೇ ತಪ್ಪುತ್ತದೆ. ಹತ್ತಡಿ ಅಗಲ, ಆರಡಿ ಎತ್ತರದ ಫ್ಲೆಕ್ಸನ್ನು ಇಂಚಿಗೆ 72 ಪಿಕ್ಸೆಲ್‌ನಂತೆ ಮಾಡಿದ್ದರೆ ಅದು 8640 × 5184 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಫೈಲಾಗಿ ನಾಲ್ಕೈದು ಎಂಬಿ ಮಾತ್ರ ಇದ್ದರೂ ಬ್ರೌಸರ್ ಅದನ್ನು ಬಿಚ್ಚಿ ತೋರಿಸುವಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 180 ಎಂಬಿ ಮೆಮೊರಿ ಬೇಡುತ್ತದೆ. ಕಡಿಮೆ ಬೆಲೆಯ ಫೋನು ಅಲ್ಲೇ ತಡವರಿಸುತ್ತದೆ. ಬಣ್ಣವೂ ಮುದ್ರಣಕ್ಕೆಂದು ಸಿಎಂವೈಕೆ ಎಂಬ ನಾಲ್ಕು ಶಾಯಿಗಳ ಲೆಕ್ಕದಲ್ಲಿರುತ್ತದೆ. ಪರದೆಯ ಮೇಲೆ ಹಸಿರು ಒಂದು ಕಡೆ ಮಂಕಾಗಿ, ಇನ್ನೊಂದು ಕಡೆ ಕಣ್ಣಿಗೆ ಹೊಡೆಯುವಂತೆ ಕಾಣುವುದಕ್ಕೆ ಅದೇ ಕಾರಣ.

ಹಾಗಾಗಿ ‘ಯಾವ ಸಾಫ್ಟ್‌ವೇರ್ ಒಳ್ಳೆಯದು’ ಎಂದು ಕೇಳುವ ಮೊದಲು ನಿಮ್ಮ ಸೈಟಿಗೆ ಎಂಥ ಚಿತ್ರಗಳು ಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದೋಸೆ, ಸೀರೆ, ಕೋಟೆಯಂಥ ಫೋಟೊಗಳಿಗೆ ಪಿಕ್ಸೆಲ್ ಮಟ್ಟದಲ್ಲಿ ತಿದ್ದುವ ಸಾಫ್ಟ್‌ವೇರ್ ಬೇಕು. ಲೋಗೊ, ಐಕಾನ್, ದಾರಿ ತೋರಿಸುವ ನಕ್ಷೆ ಇವುಗಳಿಗೆ ಗೆರೆಗಳನ್ನು ಲೆಕ್ಕವಾಗಿ ಉಳಿಸುವ ವೆಕ್ಟರ್ ಸಾಫ್ಟ್‌ವೇರ್ ಬೇಕು. ಅದರಲ್ಲಿ ಬರೆದದ್ದನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಮೂರನೆಯದು ಬ್ಯಾನರ್: ಫೋಟೊದ ಮೇಲೆ ಅಕ್ಷರ. ಕನ್ನಡದವರಿಗೆ ತಲೆನೋವು ತರುವುದು ಈ ಮೂರನೆಯದೇ. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ.

ಒತ್ತಕ್ಷರದ ಪರೀಕ್ಷೆ

ಯಾವುದೇ ಸಾಫ್ಟ್‌ವೇರ್ ತೆರೆದು ಟೆಕ್ಸ್ಟ್ ಟೂಲ್ ಹಿಡಿದು, ಫೋನು ಮತ್ತು ವೆಬ್‌ಪುಟಗಳು ಬಳಸುವ ಯೂನಿಕೋಡ್‌ ಕನ್ನಡದಲ್ಲಿ ‘ಚಿತ್ರದುರ್ಗ’ ಎಂದು ಟೈಪ್ ಮಾಡಿ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಪದ ಹುಡುಕುವುದು ಕಷ್ಟ. ‘ತ್ರ’ದಲ್ಲಿ ರ-ಒತ್ತು ಬರಬೇಕು, ‘ರ್ಗ’ದಲ್ಲಿ ಅರ್ಕಾವತ್ತು ಗಕಾರದ ಬಲಕ್ಕೆ ಕೂರಬೇಕು. ಅಕ್ಷರ ಜೋಡಿಸುವ ಎಂಜಿನ್ ಸರಿಯಿಲ್ಲದ ಕಡೆ ಅದೇ ಪದ ‘ಚಿತ್‌ರದುರ್‌ಗ’ ಎಂದು ಕಳಚಿಕೊಂಡು ನಿಲ್ಲುತ್ತದೆ. ಆಮೇಲೆ ‘ಬೆಣ್ಣೆ ದೋಸೆ’ ಬರೆಯಿರಿ. ‘ಣ್ಣೆ’ಯಲ್ಲಿ ಎತ್ವ ಮೇಲಿನ ಣಕಾರಕ್ಕೆ ಅಂಟಿ ಒತ್ತು ಕೆಳಗಿಳಿಯಬೇಕು, ‘ದೋ’ದಲ್ಲಿ ದೀರ್ಘ ಕೊನೆಗೆ ಬರಬೇಕು. ಕೊನೆಗೆ ‘ಮೊಳಕಾಲ್ಮೂರು’. ‘ಲ್ಮೂ’ ಸರಿಯಾಗಿ ಬಂದರೆ ಆ ಸಾಫ್ಟ್‌ವೇರ್ ಪಾಸ್.

ಉಚಿತವಾಗಿ ಸಿಗುವ ಗಿಂಪ್ (ಫೋಟೊ ತಿದ್ದಲು), ಇಂಕ್‌ಸ್ಕೇಪ್ (ವೆಕ್ಟರ್ ಚಿತ್ರಕ್ಕೆ) ಎರಡೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅಕ್ಷರ ಜೋಡಿಸಲು ಅವು ಬಳಸುವ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಲೈಬ್ರರಿಗಳಿಗೆ ಭಾರತೀಯ ಲಿಪಿಗಳ ನಿಯಮ ಗೊತ್ತು. ಫೋಟೊಶಾಪ್‌ನಲ್ಲಿ ಅಕ್ಷರ ಒಡೆದರೆ ಫಾಂಟನ್ನು ದೂರಬೇಡಿ. ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಇದೇ ಆಯ್ಕೆಯ ಹೆಸರು ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್. ಈಗಾಗಲೇ ಟೈಪ್ ಮಾಡಿದ ಸಾಲು ತಾನಾಗಿ ಸರಿಹೋಗದಿದ್ದರೆ ಅದನ್ನು ಆರಿಸಿಕೊಂಡು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲೂ ಅದೇ ಆಯ್ಕೆ ಕೊಡಬೇಕು.

ಡಿಟಿಪಿಯವರು ಇಂದಿಗೂ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳನ್ನು ಬಿಡದಿರುವುದಕ್ಕೆ ಕಾರಣವೂ ಇದೇ. ಆ ಫಾಂಟುಗಳಲ್ಲಿ ಒತ್ತು, ಕೊಂಬು, ತಲೆಕಟ್ಟು ಎಲ್ಲವೂ ಬಿಡಿ ಬಿಡಿ ತುಂಡುಗಳಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಹೀಗಾಗಿ ಜೋಡಿಸುವ ಎಂಜಿನ್ ಇಲ್ಲದ ಹಳೆಯ ಕೋರೆಲ್‌ಡ್ರಾ, ಪೇಜ್‌ಮೇಕರ್‌ಗಳಲ್ಲೂ ಕನ್ನಡ ನೆಟ್ಟಗೆ ಕಾಣುತ್ತದೆ. ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡುವವರೆಗೆ ಇದರಿಂದ ತೊಂದರೆಯಿಲ್ಲ. ಆದರೆ ಅದೇ ಪಠ್ಯವನ್ನು ಕಾಪಿ ಮಾಡಿ ವೆಬ್‌ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಮೊದಲು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ.

ಫಾಂಟಿಗೆ ದುಡ್ಡು ಕೊಡಬೇಕಾಗಿಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ‘ಬೆಣ್ಣೆ’ ಹೆಸರಿನದೂ ಒಂದಿದೆ, ದೋಸೆ ಹೋಟೆಲಿನವರು ನೋಡಬಹುದು. ಬಾಲೂ ತಮ್ಮ ದಪ್ಪ ಶೀರ್ಷಿಕೆಗೆ ಚೆನ್ನ, ಆದರೆ ಸಣ್ಣ ಅಳತೆಯಲ್ಲಿ ಅದರ ಒತ್ತುಗಳು ಮುದ್ದೆಯಾಗುತ್ತವೆ. ಸಣ್ಣ ಅಕ್ಷರಕ್ಕೆ ನೋಟೊ ಸಾನ್ಸ್ ವಾಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಲಹೆ: ಸಾಧ್ಯವಾದಷ್ಟು ಅಕ್ಷರವನ್ನು ಚಿತ್ರದೊಳಗೆ ಬರೆಯಬೇಡಿ, ಪುಟದಲ್ಲೇ ಪಠ್ಯವಾಗಿ ಹಾಕಿ. 1600 ಪಿಕ್ಸೆಲ್ ಅಗಲದ ಬ್ಯಾನರ್ 360 ಅಗಲದ ಫೋನ್ ಪರದೆಗೆ ಕುಗ್ಗಿದಾಗ 60 ಪಿಕ್ಸೆಲ್‌ನ ಅಕ್ಷರ 13.5ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಆದರೆ ಹೇಗೋ ಓದಬಹುದು. ಕನ್ನಡದಲ್ಲಿ ಆ ಅಳತೆಯೊಳಗೇ ಒತ್ತೂ ಹಿಡಿಯಬೇಕಲ್ಲ, ‘ಣ್ಣೆ’ ಯಾವುದು ‘ನ್ನೆ’ ಯಾವುದು ಗೊತ್ತಾಗುವುದಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಹುಡುಕಾಟದ ಎಂಜಿನ್ ನೆಚ್ಚಿಕೊಳ್ಳುವುದಿಲ್ಲ, ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ಓದುವುದಿಲ್ಲ, ದೋಸೆಯ ದರ ಐದು ರೂಪಾಯಿ ಏರಿದರೂ ಇಡೀ ಚಿತ್ರ ಮತ್ತೆ ಮಾಡಬೇಕು.

ನಿಮ್ಮ ಕಂಪ್ಯೂಟರಿಗೆ ಒಪ್ಪುವುದು

ಈಗಿನ ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 × 3000. ಒಂದು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) 48 ಎಂಬಿ ಮೆಮೊರಿ ಹಿಡಿಯುತ್ತದೆ, ಹತ್ತು ಲೇಯರ್ ಆದರೆ 480. ಅನ್‌ಡೂ ಮಾಡಲು ಉಳಿಸಿಕೊಳ್ಳುವುದು ಬೇರೆ. 8 ಜಿಬಿ ರ್‍ಯಾಮ್ ಇದ್ದರೆ ಗಿಂಪ್ ಸಲೀಸಾಗಿ ಓಡುತ್ತದೆ. 4 ಜಿಬಿಯ ಹಳೆಯ ಡೆಸ್ಕ್‌ಟಾಪ್ ಆದರೆ ಪೇಂಟ್ ಡಾಟ್ ನೆಟ್ ಹಾಕಿಕೊಳ್ಳಿ. ಅದು ವಿಂಡೋಸ್‌ಗೆ ಮಾತ್ರ, 64 ಬಿಟ್ ವಿಂಡೋಸ್ 10 ಅಥವಾ ಅದರ ನಂತರದ್ದು ಬೇಕು. ಹಗುರ, ಕಲಿಯಲು ಒಂದು ಸಂಜೆ ಸಾಕು. ಒಂದೇ ಕೊರತೆ, ಬರೆದ ಅಕ್ಷರದ ಹೊರಗೆ ಒಮ್ಮೆ ಕ್ಲಿಕ್ ಮಾಡಿದರೆ ಅದು ಚಿತ್ರವಾಗಿಬಿಡುತ್ತದೆ, ಮತ್ತೆ ತಿದ್ದಲಾಗದು.

ಗಿಂಪ್‌ನ ಬಗ್ಗೆ ‘ಕಷ್ಟ’ ಎಂಬ ದೂರು ಹಳೆಯದು. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಅದರ ಅಳತೆ ಬದಲಿಸಬಹುದು, ಬೇಡವಾದರೆ ತೆಗೆಯಬಹುದು. ಮೊದಲು ಇದೊಂದಕ್ಕಾಗಿಯೇ ಜನ ಫೋಟೊಶಾಪ್ ಬೇಕು ಎನ್ನುತ್ತಿದ್ದರು. ಹೊಸಬರು ಗಿಂಪ್‌ನಲ್ಲಿ ಎಡವುವುದು ಸೇವ್ ಮಾಡುವಾಗ. ಸೇವ್ ಎಂದರೆ ಅದರ ಸ್ವಂತ ಎಕ್ಸ್‌ಸಿಎಫ್ ಫೈಲ್, ಅದು ವೆಬ್‌ಸೈಟಿಗೆ ಆಗುವುದಿಲ್ಲ. ವೆಬ್ಬಿಗೆ ಬೇಕಾದ ಫೈಲ್ ಎಕ್ಸ್‌ಪೋರ್ಟ್ ಆಸ್‌ನಿಂದ ಬರಬೇಕು, ಕಂಟ್ರೋಲ್ ಶಿಫ್ಟ್ ಇ.

ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಆಫೀಸ್ ಕಂಪ್ಯೂಟರ್ ಆದರೆ ಫೋಟೊಪಿಯಾ. ಬ್ರೌಸರಿನಲ್ಲೇ ತೆರೆಯುತ್ತದೆ, ಫೋಟೊಶಾಪ್‌ನ ಪಿಎಸ್‌ಡಿ ಓದುತ್ತದೆ, ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಸಹಿಸಿಕೊಳ್ಳಿ. ಪಿಎಸ್‌ಡಿಯಾಗಿ ಉಳಿಸದೆ ಟ್ಯಾಬ್ ಮುಚ್ಚಿದರೆ ಕೆಲಸ ಹೋಯಿತು. ಹಳ್ಳಿಯ ಕಡೆ ಕರೆಂಟ್ ಹೋಗಿ ಬರುವ ಜಾಗದಲ್ಲಿ ಹತ್ತು ನಿಮಿಷಕ್ಕೊಮ್ಮೆ ಉಳಿಸುವ ರೂಢಿ ಇರಲಿ.

ಸಿದ್ಧ ಮಾದರಿಗಳಿರುವ ಆನ್‌ಲೈನ್ ಸಾಧನ ಕ್ಯಾನ್ವಾ ಬೇಗ ಕೆಲಸ ಮುಗಿಸುತ್ತದೆ, ಹಬ್ಬದ ಬ್ಯಾನರಿಗೆ ಸಾಕು. ಆದರೆ ಹಿನ್ನೆಲೆಯಿಲ್ಲದ ಪಾರದರ್ಶಕ ಪಿಎನ್‌ಜಿ, ಎಸ್‌ವಿಜಿ (ವೆಬ್ಬಿನ ವೆಕ್ಟರ್ ಫೈಲ್) ಡೌನ್‌ಲೋಡ್, ಹಿನ್ನೆಲೆ ತೆಗೆಯುವುದು ಇವು ಹಣ ಕೊಟ್ಟವರಿಗೆ. ಲೋಗೊ ಮಾಡಲು ಅದನ್ನು ನೆಚ್ಚಬೇಡಿ. ನಿಮ್ಮ ಲೋಗೊದಲ್ಲಿರುವ ದೋಸೆಯೇ ಇನ್ನೂ ನೂರು ಅಂಗಡಿಯ ಲೋಗೊದಲ್ಲಿ ಇರುತ್ತದೆ.

ಫೋಟೊಶಾಪ್, ಕೋರೆಲ್‌ಡ್ರಾ ಈಗಾಗಲೇ ಹಣ ಕೊಟ್ಟು ಇಟ್ಟುಕೊಂಡವರು ಅವನ್ನೇ ಬಳಸಲಿ, ವೆಬ್ ಚಿತ್ರಕ್ಕೆ ಬೇಕಾದ್ದೆಲ್ಲ ಅವುಗಳಲ್ಲಿದೆ. ಹೊಸ ಫೈಲ್ ತೆರೆಯುವಾಗ ಅಳತೆ ಪಿಕ್ಸೆಲ್‌ನಲ್ಲಿ, ಬಣ್ಣ ಪರದೆಯ ಲೆಕ್ಕವಾದ ಆರ್‌ಜಿಬಿಯಲ್ಲಿ ಇಟ್ಟುಕೊಂಡರೆ ಆಯಿತು. ವೆಬ್ ಚಿತ್ರಕ್ಕಾಗಿ ಮಾತ್ರ ಚಂದಾ ಕಟ್ಟುವ ಅಗತ್ಯವಿಲ್ಲ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ ಮಾಡಿದ ಪ್ರತಿಯನ್ನಂತೂ ಮುಟ್ಟಬೇಡಿ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಲೆಕ್ಕ ಇರುವ ಕಂಪ್ಯೂಟರಿಗೇ ಅದರ ಜೊತೆ ವೈರಸ್ ಬರುತ್ತದೆ.

ಒಂದು ಸೀರೆಯ ಫೋಟೊ, ಮೊದಲಿಂದ ಕೊನೆಯವರೆಗೆ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿದೆ. ಸಾಫ್ಟ್‌ವೇರಿನ ಬಲಾಬಲ ತಿಳಿಯಲು ಅಂಥ ಸೀರೆಯ ಫೋಟೊಗಿಂತ ಕಠಿಣ ಪರೀಕ್ಷೆ ಇಲ್ಲ: ಗಾಢ ಕೆಂಪು, ಹೊಳೆಯುವ ಜರಿ, ಕೂದಲಿನಷ್ಟು ಸಣ್ಣ ಎಳೆ. ಗಿಂಪ್‌ನಲ್ಲಿ ಹೀಗೆ ಮಾಡಿ.

ಫೋಟೊವನ್ನು ಫೋನಿನಿಂದ ಕಂಪ್ಯೂಟರಿಗೆ ಕೇಬಲ್‌ನಲ್ಲಿ ತನ್ನಿ. ವಾಟ್ಸಾಪ್‌ನಲ್ಲೇ ಕಳಿಸಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅಳತೆಯೂ ಗುಣಮಟ್ಟವೂ ದಾರಿಯಲ್ಲೇ ಇಳಿದು ಬರುತ್ತವೆ. ಸೀರೆಯನ್ನು ಬಾಗಿಲ ಬಳಿಯ ನೆರಳಿನ ಬೆಳಕಿನಲ್ಲಿ ತೆಗೆಯಿರಿ, ಮೊದಲ ಫೋಟೊದಲ್ಲಿ ಪಕ್ಕಕ್ಕೆ ಒಂದು ಬಿಳಿ ಹಾಳೆ ಇರಲಿ. ಹಾಳೆಯ ಉಪಯೋಗ ಮುಂದೆ ಬರುತ್ತದೆ.

ಫೈಲ್ ತೆರೆಯುವಾಗ ಬಣ್ಣದ ಪ್ರೊಫೈಲ್ ಬದಲಿಸಬೇಕೇ ಎಂದು ಗಿಂಪ್ ಕೇಳಿದರೆ ಕನ್ವರ್ಟ್ ಎನ್ನಿ. ಐಫೋನ್‌ನಂಥವು ಇನ್ನೂ ಅಗಲವಾದ ಬಣ್ಣದ ವ್ಯಾಪ್ತಿಯಲ್ಲಿ ಫೋಟೊ ತೆಗೆಯುತ್ತವೆ. ವೆಬ್ಬಿನ ಮಾಮೂಲಿ ಬಣ್ಣದ ವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ತರದೆ ಪ್ರೊಫೈಲನ್ನೂ ಕಳೆದುಕೊಂಡರೆ ಕೆಂಪು ಸೀರೆ ಬೇರೆಯವರ ಪರದೆಯಲ್ಲಿ ಸಪ್ಪೆಯಾಗುತ್ತದೆ. ಆಮೇಲೆ ಕಲರ್ಸ್ ಮೆನುವಿನ ಲೆವೆಲ್ಸ್ ತೆರೆಯಿರಿ. ಅಲ್ಲಿರುವ ಮೂರು ಹನಿಕೊಳವೆಗಳಲ್ಲಿ ನಡುವಿನದು ಬೂದು ಬಿಂದುವಿನದು. ಅದನ್ನು ಹಿಡಿದು ಬಿಳಿ ಹಾಳೆಯ ಮೇಲೆ ಒತ್ತಿ. ಟ್ಯೂಬ್‌ಲೈಟಿನ ನೀಲಿಯೋ ಬಲ್ಬಿನ ಹಳದಿಯೋ ಇಳಿದು ಸೀರೆಯ ನಿಜವಾದ ಬಣ್ಣ ಬರುತ್ತದೆ. ಅದೇ ಕಿಟಕಿಯಲ್ಲಿ ಈ ಅಳತೆಯನ್ನು ಪ್ರಿಸೆಟ್ ಆಗಿ ಉಳಿಸಿಕೊಂಡರೆ ಅದೇ ಬೆಳಕಿನಲ್ಲಿ ತೆಗೆದ ಉಳಿದ ಸೀರೆಗಳಿಗೂ ಒಂದೇ ಕ್ಲಿಕ್. ಬಣ್ಣ ತಪ್ಪಿದರೆ ಸೀರೆ ಅಂಚೆಯಲ್ಲಿ ವಾಪಸ್ ಬರುತ್ತದೆ, ಹಾಗಾಗಿ ಈ ಒಂದು ಹೆಜ್ಜೆಯನ್ನು ಎಂದೂ ಬಿಡಬೇಡಿ.

ಕ್ರಾಪ್ ಟೂಲ್‌ನಲ್ಲಿ ಅನುಪಾತವನ್ನು 3:4 ಎಂದು ಕಟ್ಟಿಹಾಕಿ ಕತ್ತರಿಸಿ, ಆಗ ಪುಟದಲ್ಲಿ ಎಲ್ಲ ಸೀರೆಗಳೂ ಸಾಲಾಗಿ ಕೂರುತ್ತವೆ. ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ ಅಗಲ 1200 ಕೊಡಿ, ಇಂಟರ್‌ಪೊಲೇಶನ್ ನೋಹೇಲೊ ಇರಲಿ. ಅಲ್ಲೇ ರೆಸೊಲ್ಯೂಶನ್ ಎಂದು 72 ಅಥವಾ 300 ಕಾಣುತ್ತದೆ. ಅದನ್ನು ಮುಟ್ಟುವ ಅಗತ್ಯವಿಲ್ಲ, ಬ್ರೌಸರ್ ನೋಡುವುದು ಪಿಕ್ಸೆಲ್ ಎಣಿಕೆಯನ್ನು ಮಾತ್ರ.

ಕುಗ್ಗಿಸಿದ ಮೇಲೆ ಕೀಬೋರ್ಡಿನ 1 ಒತ್ತಿ ನೂರಕ್ಕೆ ನೂರು ಅಳತೆಯಲ್ಲಿ ಜರಿಯ ಅಂಚನ್ನು ನೋಡಿ. ನೀರಿನ ಅಲೆಯಂಥ ಪಟ್ಟೆಗಳು ಕಾಣುತ್ತಿವೆಯೇ? ಜರಿಯ ಎಳೆಗಳು ಹೊಸ ಪಿಕ್ಸೆಲ್‌ಗಿಂತ ಸಣ್ಣದಾದಾಗ ಹೀಗಾಗುತ್ತದೆ. ಅನ್‌ಡೂ ಮಾಡಿ, ಗಾಸಿಯನ್ ಬ್ಲರ್ 1 ಪಿಕ್ಸೆಲ್ ಕೊಟ್ಟು, ಮತ್ತೆ ಕುಗ್ಗಿಸಿ. ಮೂಲ ಫೋಟೊದಲ್ಲೇ ಅಲೆ ಇದ್ದರೆ ಅದು ಕ್ಯಾಮೆರಾದ ಸೆನ್ಸರಿನಲ್ಲಿ ಆದದ್ದು. ಅದನ್ನು ಅಳಿಸಲು ಒದ್ದಾಡುವ ಬದಲು ಒಂದಡಿ ಹಿಂದೆ ಸರಿದೋ ಸ್ವಲ್ಪ ಓರೆಯಾಗಿ ನಿಂತೋ ಮತ್ತೆ ಫೋಟೊ ತೆಗೆಯುವುದೇ ಸುಲಭ. ಕುಗ್ಗಿಸಿದ ಚಿತ್ರ ತುಸು ಮೆತ್ತಗಾಗಿರುತ್ತದೆ. ಶಾರ್ಪನ್ ಫಿಲ್ಟರಿನಲ್ಲಿ ರೇಡಿಯಸ್ 0.8, ಅಮೌಂಟ್ 0.4 ಸಾಕು. ಇದಕ್ಕಿಂತ ಹೆಚ್ಚಾದರೆ ಅಂಚಿನ ಸುತ್ತ ಬಿಳಿ ಗೆರೆ ಏಳುತ್ತದೆ.

ಈಗ ಎಕ್ಸ್‌ಪೋರ್ಟ್. ಕೆಂಪು ಬಟ್ಟೆಯ ಕಷ್ಟ ಇರುವುದು ಇಲ್ಲಿ. ಜೆಪೆಗ್ ಸಾಮಾನ್ಯವಾಗಿ ಬೆಳಕು-ನೆರಳನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಸುತ್ತದೆ. ಇದಕ್ಕೆ 4:2:0 ಎನ್ನುತ್ತಾರೆ. ಬೇರೆ ಫೋಟೊಗಳಲ್ಲಿ ಕಣ್ಣಿಗೆ ಗೊತ್ತಾಗದು. ಕೆಂಪು ಒಡಲು ಜರಿಯನ್ನು ಮುಟ್ಟುವ ಗೆರೆಯಲ್ಲಿ ಮಾತ್ರ ಬಣ್ಣ ಕಲಸಿಹೋಗುತ್ತದೆ. ಜೆಪೆಗ್ ಎಕ್ಸ್‌ಪೋರ್ಟಿನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸಬ್‌ಸ್ಯಾಂಪ್ಲಿಂಗ್ ಎಂಬಲ್ಲಿ 4:4:4 ಆರಿಸಿ, ಗುಣಮಟ್ಟ 80ರ ಆಸುಪಾಸು ಇಡಿ. ವೆಬ್ಬಿಗೆಂದೇ ಮಾಡಿದ ವೆಬ್‌ಪಿ ಫೈಲು ಜೆಪೆಗ್‌ಗಿಂತ ಚಿಕ್ಕದಾಗುವುದು ನಿಜ, ಆದರೆ ಅದರ ಮಾಮೂಲಿ ಸಂಕೋಚನದಲ್ಲಿ 4:2:0 ಬಿಟ್ಟರೆ ಬೇರೆ ದಾರಿಯಿಲ್ಲ. ವೆಬ್‌ಪಿಯೇ ಬೇಕೆಂದರೆ ಶಾರ್ಪ್ ವೈಯುವಿ ಎಂಬ ಆಯ್ಕೆಗೆ ಗುರುತು ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಮೆರಾ ಫೋಟೊದೊಳಗೆ ಬರೆದಿಡುವ ಎಕ್ಸಿಫ್ ಮಾಹಿತಿಯ ಗುರುತು ತೆಗೆಯುವುದನ್ನು ಮರೆಯಬೇಡಿ. ಮನೆಯಲ್ಲಿ ತೆಗೆದ ಫೋಟೊದಲ್ಲಿ ಮನೆ ಎಲ್ಲಿದೆ ಎಂಬುದೂ ಬರೆದಿರಬಹುದು.

ಬೇರೆ ವಸ್ತುಗಳಿಗೆ ಇಷ್ಟು ಪಾಡಿಲ್ಲ. ದೋಸೆಗೆ, ಕಟ್ಟಡಕ್ಕೆ ವೆಬ್‌ಪಿ 80 ಧಾರಾಳ. ಆದರೆ ಒಂದು ತಟ್ಟೆ ಮಂಡಕ್ಕಿ ಮತ್ತು ಒಂದು ಖಾಲಿ ಗೋಡೆ ಒಂದೇ ಗುಣಮಟ್ಟದಲ್ಲಿ ಒಂದೇ ಗಾತ್ರದ ಫೈಲ್ ಆಗುವುದಿಲ್ಲ. ಮಂಡಕ್ಕಿಯ ಪ್ರತಿ ಕಾಳಿಗೂ ಅಂಚಿದೆ, ಆ ವಿವರವೆಲ್ಲ ಬೈಟ್ ತಿನ್ನುತ್ತದೆ. ಅಂಥದ್ದಕ್ಕೆ ಗುಣಮಟ್ಟ 70ಕ್ಕೆ ಇಳಿಸಿದರೂ ಕಣ್ಣಿಗೆ ತಿಳಿಯದು. ಚಿತ್ರದುರ್ಗದ ಕೋಟೆಯ ಹಿಂದಿನ ನೀಲಿ ಆಕಾಶದ್ದು ಇದಕ್ಕೆ ತದ್ವಿರುದ್ಧ: ಫೈಲು ಚಿಕ್ಕದಾಗಿಯೇ ಬರುತ್ತದೆ, ಗುಣಮಟ್ಟ ತೀರ ಇಳಿಸಿದರೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ.

ಫ್ಲೆಕ್ಸ್ ಅಂಗಡಿಯಿಂದ ಲೋಗೊ ಬಿಡಿಸಿಕೊಳ್ಳುವುದು

‘ಲೋಗೊ ಕಳಿಸಿ’ ಎಂದರೆ ಬರುವುದು ಬಿಳಿ ಚೌಕದೊಳಗಿನ ಜೆಪೆಗ್. ಕೇಳುವಾಗಲೇ ಸರಿಯಾಗಿ ಕೇಳಿ: ‘ಅಣ್ಣಾ, ಅಕ್ಷರ ಎಲ್ಲ ಕರ್ವ್ ಮಾಡಿ ಎಸ್‌ವಿಜಿ ಕೊಡಿ, ಆಗದಿದ್ದರೆ ಪಿಡಿಎಫ್ ಕೊಡಿ.’ ಕೋರೆಲ್‌ಡ್ರಾದಲ್ಲಿ ಎಲ್ಲ ಆರಿಸಿ ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರಗಳು ಕರ್ವ್, ಅಂದರೆ ಫಾಂಟ್ ಬೇಡದ ಬರಿ ಗೆರೆಗಳು, ಆಗುತ್ತವೆ, ಅವರಿಗೆ ಅರ್ಧ ನಿಮಿಷದ ಕೆಲಸ. ಹೀಗೆ ಮಾಡದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದ ಕಾರಣ ಅಂಗಡಿಯ ಹೆಸರೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಕೋರೆಲ್‌ಡ್ರಾದ ಸಿಡಿಆರ್ ಫೈಲೇ ಸಿಕ್ಕಿದರೂ ಇಂಕ್‌ಸ್ಕೇಪ್‌ನಲ್ಲಿ ತೆರೆದು ನೋಡಬಹುದು, ನೆರಳು ಮತ್ತು ಗ್ರೇಡಿಯೆಂಟ್ ಅಲ್ಲಲ್ಲಿ ಬದಲಾಗಿರಬಹುದು.

ಇಂಕ್‌ಸ್ಕೇಪ್‌ನಲ್ಲಿ ನೀವೇ ಅಕ್ಷರ ಬರೆದರೆ ಮೂಲ ಪ್ರತಿಯನ್ನು ಒಂದು ಕಡೆ ಉಳಿಸಿ, ಇನ್ನೊಂದು ಪ್ರತಿಯಲ್ಲಿ ಪಾಥ್ ಮೆನುವಿನ ಆಬ್ಜೆಕ್ಟ್ ಟು ಪಾಥ್ ಕೊಟ್ಟು ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ. ಚಿತ್ರವಾಗಿ ಪುಟಕ್ಕೆ ಬಂದ ಎಸ್‌ವಿಜಿ ಹೊರಗಿನ ಫಾಂಟ್ ತರಿಸಿಕೊಳ್ಳಲಾರದು, ನೋಡುವವರ ಫೋನಿನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದರಲ್ಲಿ ತೋರಿಸಿಬಿಡುತ್ತದೆ. ಬಣ್ಣಗಳನ್ನು ಪರದೆಯ ಮೇಲೆ ನೋಡಿಕೊಂಡು ಹೊಸದಾಗಿ ಆರಿಸಿ, ಮುದ್ರಣದ ಸಂಖ್ಯೆಗಳನ್ನು ಹಾಗೆಯೇ ತರಬೇಡಿ.

ಅಳತೆಗಳು

ಪುಟದ ಮೇಲ್ಭಾಗದ ಪೂರ್ಣ ಅಗಲದ ಚಿತ್ರಕ್ಕೆ 1600ರಿಂದ 1920 ಪಿಕ್ಸೆಲ್, 200 ಕೆಬಿಯೊಳಗೆ. ಪುಟದ ನಡುವಿನ ಚಿತ್ರಕ್ಕೆ 1200, ಸುಮಾರು 100ರಿಂದ 150 ಕೆಬಿ. ಪಟ್ಟಿಯಲ್ಲಿ ಬರುವ ಚಿಕ್ಕ ಚಿತ್ರಕ್ಕೆ 400, 30 ಕೆಬಿ. ಚಿತ್ರ ಪುಟದಲ್ಲಿ ಕಾಣುವ ಅಗಲದ ಎರಡರಷ್ಟು ಪಿಕ್ಸೆಲ್ ಇದ್ದರೆ ಯಾವ ಫೋನಿಗೂ ಸಾಕು. ಚಿಕ್ಕ ಫೋಟೊವನ್ನು ಹಿಗ್ಗಿಸಿ ಈ ಅಳತೆಗೆ ತರುವುದರಿಂದ ಏನೂ ಬರದು, ಫೈಲ್ ಮಾತ್ರ ಭಾರವಾಗುತ್ತದೆ. ಪಿಎನ್‌ಜಿಯನ್ನು ಪಾರದರ್ಶಕ ಹಿನ್ನೆಲೆಗೆ, ಸ್ಕ್ರೀನ್‌ಶಾಟ್‌ಗೆ ಇಟ್ಟುಕೊಳ್ಳಿ. ಫೋಟೊವನ್ನು ಪಿಎನ್‌ಜಿ ಮಾಡಿದರೆ ಹಲವು ಪಟ್ಟು ಊದುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಮೇಲೂ ಭಾರವಿದ್ದರೆ ಸ್ಕ್ವೂಶ್ ಎಂಬ ಉಚಿತ ವೆಬ್ ಸಾಧನದಲ್ಲಿ ಹಾಕಿ, ನಡುವಿನ ಗೆರೆ ಎಳೆದಾಡಿ ಮೊದಲು-ಆಮೇಲೆ ಹೋಲಿಸಬಹುದು. ಅದೂ ಫೈಲನ್ನು ಹೊರಗೆ ಕಳಿಸುವುದಿಲ್ಲ.

ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವ ಚಿತ್ರವನ್ನು ಬೇರೆಯಾಗಿಯೇ ಮಾಡಿ: 1200 × 630, ಜೆಪೆಗ್, 300 ಕೆಬಿಯೊಳಗೆ. ಎಸ್‌ವಿಜಿ ಅಲ್ಲಿ ಕಾಣುವುದಿಲ್ಲ. ಕೆಲವೊಮ್ಮೆ ಅದನ್ನು ಚೌಕವಾಗಿ ಕತ್ತರಿಸಿ ತೋರಿಸುವುದರಿಂದ ಹೆಸರು, ಮುಖ್ಯ ವಸ್ತು ನಡುವಿನ 630 ಪಿಕ್ಸೆಲ್ ಒಳಗೇ ಇರಲಿ.

ಫೈಲಿನ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ಪದಗಳ ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ (-) ಇರಲಿ. ಕನ್ನಡದಲ್ಲಿ ಹೆಸರಿಟ್ಟರೆ ವಿಳಾಸದಲ್ಲಿ ಪ್ರತಿ ಸಂಕೇತಕ್ಕೂ, ಅಂದರೆ ವ್ಯಂಜನಕ್ಕೂ ಅದರ ಸ್ವರಚಿಹ್ನೆಗೂ ಬೇರೆ ಬೇರೆಯಾಗಿ, ಒಂಬತ್ತು ಅಕ್ಷರ ಆಗುತ್ತದೆ, ‘ದೋಸೆ’ ಎಂಬ ಎರಡಕ್ಷರವೇ 36 ಆಗುತ್ತದೆ. ಅಂಥ ಲಿಂಕನ್ನು ಕಳಿಸುವಾಗ ಅರ್ಧಕ್ಕೆ ತುಂಡಾಗುವುದುಂಟು. ಕನ್ನಡ ಹೆಸರನ್ನು ಸ್ಕ್ರೀನ್ ರೀಡರ್ ಓದುವ, ಚಿತ್ರದ ವಿವರಣೆಯಾದ ಆಲ್ಟ್ ಪಠ್ಯದಲ್ಲಿ ಪೂರ್ತಿಯಾಗಿ ಬರೆಯಿರಿ: ‘ಕೆಂಪು ಒಡಲು, ಜರಿ ಅಂಚಿನ ಮೊಳಕಾಲ್ಮೂರು ರೇಷ್ಮೆ ಸೀರೆ’.

ಕೊನೆಗೆ, ಮೂರು ಫೋಲ್ಡರ್ ಮಾಡಿಕೊಳ್ಳಿ. ಒಂದರಲ್ಲಿ ಫೋನಿನಿಂದ ಬಂದ ಮೂಲ ಫೋಟೊ, ಇನ್ನೊಂದರಲ್ಲಿ ಎಕ್ಸ್‌ಸಿಎಫ್, ಪಿಎಸ್‌ಡಿ, ಎಸ್‌ವಿಜಿಯಂಥ ಕೆಲಸದ ಫೈಲು, ಮೂರನೆಯದರಲ್ಲಿ ವೆಬ್ಬಿಗೆ ಹೋಗುವುದು. ತಿದ್ದಬೇಕಾದಾಗ ಮೂರನೆಯ ಫೋಲ್ಡರಿನ ಜೆಪೆಗ್ ತೆರೆಯಬೇಡಿ. ತಿದ್ದಿ ಉಳಿಸಿದಾಗಲೆಲ್ಲ ಅದು ಇನ್ನೊಮ್ಮೆ ಹಿಂಡಿಸಿಕೊಳ್ಳುತ್ತದೆ, ನಾಲ್ಕೈದು ಸಲಕ್ಕೆ ಜರಿಯ ಅಂಚಿನಲ್ಲಿ ಚೌಕ ಚೌಕ ಕಾಣಲು ಶುರುವಾಗುತ್ತದೆ. ಎರಡನೆಯ ಫೋಲ್ಡರಿನ ಫೈಲು ತೆರೆದು ತಿದ್ದಿ, ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ.